ಮೂಟೆಯ ಗಿರಾಕಿ, ಲೋಟದ ಗಿರಾಕಿ

(ಅಕ್ಟೋಬರ್ ಕೊನೆ. ಬಾಳೂರಿನಿಂದ ಕಳಸಕ್ಕೆ ಹೋಗುವ ರಸ್ತೆಯ ಮಗ್ಗುಲಲ್ಲಿ ಒಂದು ತೋಟದ ಮನೆ. ಅರೇಬಿಕಾ ಕೊಯ್ಲಿಗೆ ಇನ್ನೂ ಮೂರು ವಾರ ಇದೆ. ಮಾತಾಡುತ್ತಿರುವವರು ಚಿಕ್ಕಪ್ಪ ಮತ್ತು ಬೆಂಗಳೂರಿನ ಕೆಲಸ ಬಿಟ್ಟು ಬಂದಿರುವ ಅಣ್ಣನ ಮಗಳು. ಚಿಕ್ಕಮ್ಮ ಸೇರಿಕೊಳ್ಳುವುದು ತಡವಾಗಿ.)

— ಪ್ಯಾಕೆಟ್ಟಿನ ಬಣ್ಣ ಚೆನ್ನಾಗಿದೆ, ಮೇಲಿರೋ ಮಂಗಟ್ಟೆ ಹಕ್ಕಿನೂ ಚೆನ್ನಾಗಿದೆ. ಕೊಳ್ಳೋನು ಯಾರು ಅಂತ ಮಾತ್ರ ನೀನಿನ್ನೂ ಹೇಳಲಿಲ್ಲ.

— ಬೆಂಗಳೂರಲ್ಲಿ ಒಳ್ಳೆ ಕಾಫಿ ಹುಡುಕ್ತಿರೋರು ಎಷ್ಟೊಂದು ಜನ ಇದ್ದಾರೆ ಚಿಕ್ಕಪ್ಪ.

— ಎಷ್ಟೊಂದು ಜನ ಅಂದ್ರೆ ಜಾತ್ರೆ ಆಯ್ತು, ಗಿರಾಕಿ ಆಗಲಿಲ್ಲ. ಹೊರನಾಡಿಗೂ ದಿನಾ ಎಷ್ಟೊಂದು ಜನ ಇದೇ ರಸ್ತೇಲಿ ಹೋಗ್ತಾರೆ. ಒಬ್ಬನಾದರೂ ನಮ್ಮ ಗೇಟಿನ ಮುಂದೆ ಕಾರು ನಿಲ್ಲಿಸಿ ಕಾಲು ಕೆಜಿ ಪುಡಿ ಕೊಡಿ ಅಂದದ್ದುಂಟಾ?

— ನಿಲ್ಲಿಸೋದಕ್ಕೆ ಅಲ್ಲೊಂದು ಬೋರ್ಡೇ ಇಲ್ಲವಲ್ಲ.

— ಇಲ್ಲ. ಯಾಕಂದ್ರೆ ನಮಗೆ ಗಿರಾಕಿ ಬೇಕು ಅಂತ ಅನ್ನಿಸಿದ್ದೇ ಇಲ್ಲ. ನಿನ್ನ ಅಜ್ಜನ ಕಾಲದಲ್ಲಿ ಪ್ಲಾಂಟರಿಗೆ ಗಿರಾಕಿ ಅನ್ನೋ ಪ್ರಾಣಿಯೇ ಇರಲಿಲ್ಲ ಮಾರಾಯ್ತಿ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಬಾಗಿಲು ಮುಚ್ಚಿತು, ಬೆಳೆದ ಕಾಫಿ ಗೋದಾಮಿನಲ್ಲೇ ಕೂತಿತು. 1942ರಲ್ಲಿ ಕಾಯಿದೆ ಬಂತು, ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕು ಅಂತ. ಮನೆಖರ್ಚಿಗೆ, ಬಿತ್ತನೆಗೆ ಅಂತ ಒಂದಿಷ್ಟು ಇಟ್ಕೋಬಹುದು, ಮಿಕ್ಕದ್ದು ಡೆಪೋಗೆ. ಅಲ್ಲಿಂದ ಅದು ಜರ್ಮನಿಗೆ ಹೋಯ್ತೋ, ರಷ್ಯಕ್ಕೆ ಹೋಯ್ತೋ, ಮಲ್ಲೇಶ್ವರದ ಹೋಟೆಲಿಗೆ ಹೋಯ್ತೋ ಬೆಳೆದವನಿಗೆ ಗೊತ್ತಿಲ್ಲ. ಪಾಯಿಂಟಿನ ಲೆಕ್ಕ ಹಾಕಿ ಕಂತುಕಂತಾಗಿ ದುಡ್ಡು ಬರ್ತಿತ್ತು. ಕೊನೇ ಕಂತು ಬರೋ ಹೊತ್ತಿಗೆ ಗಿಡ ಮತ್ತೆ ಹೂ ಬಿಟ್ಟಿರ್ತಿತ್ತು.

— ಅಂದ್ರೆ ಅಜ್ಜನ ಕಾಫಿ ಹೇಗಿದೆ ಅಂತ ಕುಡಿದವರು ಯಾರೂ ಅಜ್ಜನಿಗೆ ಹೇಳಲೇ ಇಲ್ಲ.

— ಹೇಗೆ ಹೇಳ್ತಾರೆ? ಚೀಲದ ಮೇಲೆ ಅವರ ಹೆಸರೇ ಇಲ್ಲ. ಹಣ್ಣು ಆರಿಸಿ ಕೊಯ್ಸಿದವನದ್ದೂ, ಕಾಯಿ ಹಣ್ಣು ಒಟ್ಟಿಗೆ ಸವರಿದವನದ್ದೂ ಒಂದೇ ದೊಡ್ಡ ರಾಶಿಗೆ. ಅರ್ಧ ಶತಮಾನ ಹಾಗೇ ನಡೀತು. 1992ರಲ್ಲಿ ಗಂಟು ಸ್ವಲ್ಪ ಸಡಿಲ ಆಯ್ತು, 1995ರಲ್ಲಿ ಸಣ್ಣ ಬೆಳೆಗಾರರನ್ನ ಪೂರ್ತಿ ಬಿಟ್ಟರು, 1996ರಲ್ಲಿ ದೊಡ್ಡವರನ್ನೂ. ಬಿಟ್ಟ ಮೇಲೆ ನಾವೇನು ಮಾಡಿದ್ವಿ? ಡೆಪೋ ಇದ್ದ ಜಾಗದಲ್ಲಿ ವ್ಯಾಪಾರಿಯನ್ನ ಕೂರಿಸಿದ್ವಿ. ಬೆಳಿಗ್ಗೆ ಮೊಬೈಲಿಗೆ ರೇಟು ಬರುತ್ತೆ. ಅವನು ಓಟಿ ನೋಡ್ತಾನೆ, ಅಂದ್ರೆ ಮೂಟೆಗೆ ಎಷ್ಟು ಬೀಜ ಇಳಿಯುತ್ತೆ ಅಂತ, ತೇವಾಂಶದ ಮೀಟರು ಚುಚ್ತಾನೆ, ಲಾರಿ ಕಳಿಸ್ತಾನೆ. ದುಡ್ಡು ಬರೋ ವೇಗ ಬದಲಾಯ್ತು, ಬೇರೇನೂ ಬದಲಾಗಲಿಲ್ಲ.

— ಎಲ್ಲರೂ ಹಾಗೇ ಕೂತಿರಲಿಲ್ಲವಲ್ಲ. ಅದೇ 1996ರಲ್ಲಿ ನಮ್ಮ ಜಿಲ್ಲೆಯವರೇ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆಗೆದ್ರು.

— ವಿ.ಜಿ. ಸಿದ್ಧಾರ್ಥ. ಹೌದು. ಆದರೆ ಆ ಕಥೆಯನ್ನ ನಿಮ್ಮ ವಯಸ್ಸಿನವರು ಹೇಳೋ ರೀತಿಯಲ್ಲಿ ಒಂದು ಐಬಿದೆ. ತೋಟದವನು ತನ್ನದೇ ಬೀಜ ಹುರಿದು ತನ್ನದೇ ಕಪ್ಪಿಗೆ ಹಾಕಿ ಗೆದ್ದ ಅಂತ ಹೇಳ್ತೀರಿ. ತೋಟ ಇತ್ತು, ರಫ್ತೂ ಇತ್ತು, ನಿಜ. ಜನ ಅಲ್ಲಿಗೆ ಹೋದದ್ದು ಬೀಜಕ್ಕಾಗಿ ಅಲ್ಲ. ಐದು ರೂಪಾಯಿಗೆ ಕಾಫಿ ಸಿಗೋ ಬೆಂಗಳೂರಲ್ಲಿ ಇಪ್ಪತ್ತೈದು ಕೊಟ್ಟು ಯಾರು ಕುಡೀತಾರೆ ಅನ್ನೋ ಪ್ರಶ್ನೆ ಮೊದಲು ಎದ್ದದ್ದು ಅವರ ಮನೆಯಲ್ಲೇ ಅಂತ ಅವರೇ ಸಂದರ್ಶನದಲ್ಲಿ ಹೇಳಿಕೊಂಡಿದ್ರು. ಅದಕ್ಕೆ ಅವರು ಕಂಡುಕೊಂಡ ಉತ್ತರದಲ್ಲಿ ಕಾಫಿಯ ರುಚಿಯ ಸುದ್ದಿಯೇ ಇಲ್ಲ. ಕಾಫಿಯ ಜೊತೆ ಇಂಟರ್ನೆಟ್ ಕೊಡೋಣ ಅಂತ. ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದೇ 1995ರ ಆಗಸ್ಟಿನಲ್ಲಿ. ಮನೆಯಲ್ಲಿ ಕಂಪ್ಯೂಟರು ಯಾರ ಹತ್ತಿರ ಇತ್ತು?

— ಆಮೇಲೆ ಇಂಟರ್ನೆಟ್ ಎಲ್ಲರ ಮನೆಗೂ ಬಂತು, ಜೇಬಿಗೂ ಬಂತು. ಆದರೂ ಜನ ಹೋಗೋದು ನಿಲ್ಲಿಸಲಿಲ್ಲ.

— ಅಲ್ಲೇ ಇರೋದು ವಿಷಯ. ಇಂಟರ್ನೆಟ್ ಒಂದು ನೆಪ. ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಗಂಟೆ ಕೂರೋದಕ್ಕೆ ಜಾಗ ಬೇಕಿತ್ತು. ಹೋಟೆಲಿನಲ್ಲಿ ಕೂತ್ರೆ ಸಪ್ಲೈಯರ್ ಬಿಲ್ಲು ತಂದು ಮುಂದಿಡ್ತಾನೆ. ಪಾರ್ಕಿನಲ್ಲಿ ಕೂತ್ರೆ ಪೊಲೀಸಿನವನು ಬರ್ತಾನೆ. ಬಾರಿಗೆ ಹುಡುಗಿಯರು ಹೋಗೋ ಹಾಗಿಲ್ಲ. ಆ ಇಪ್ಪತ್ತೈದರಲ್ಲಿ ಐದು ಕಾಫಿಗೆ, ಇಪ್ಪತ್ತು ಕುರ್ಚಿಯ ಬಾಡಿಗೆಗೆ.

— ಕೂರೋದಕ್ಕೆ ಕಾಫಿ ಹೌಸ್ ಇತ್ತಲ್ಲ? ಅಪ್ಪ ಎಂ.ಜಿ. ರಸ್ತೆಯ ಕಾಫಿ ಹೌಸಿನಲ್ಲಿ ಗಂಟೆಗಟ್ಟಲೆ ಕೂರ್ತಿದ್ದೆ ಅಂತ ಹೇಳ್ತಾನೇ ಇರ್ತಾರೆ.

— ನಿಮ್ಮಪ್ಪ ಕೂತಿದ್ದ, ಅದಕ್ಕೇ ಅವನ ಮಕ್ಕಳು ಅಲ್ಲಿಗೆ ಹೋಗಲಿಲ್ಲ! ಕೂರೋ ಹಂಬಲ ಹೊಸದೇನಲ್ಲ. ಕಾಫಿ ಕುಡಿಯೋರನ್ನ ಹೆಚ್ಚು ಮಾಡ್ಬೇಕು ಅಂತ ಕಾಫಿ ಸೆಸ್ ಸಮಿತಿಯವರು 1936ರಲ್ಲೇ ಮುಂಬಯಿಯಲ್ಲಿ ಕಾಫಿ ಹೌಸ್ ತೆರೆದಿದ್ರು. ಐವತ್ತರ ದಶಕದಲ್ಲಿ ಬೋರ್ಡು ಒಂದೊಂದಾಗಿ ಬಾಗಿಲು ಹಾಕ್ತಾ ಬಂದಾಗ ಕೆಲಸಗಾರರು ಸಹಕಾರ ಸಂಘ ಕಟ್ಟಿಕೊಂಡು ಉಳಿಸಿದ್ರು. ಬೆಂಗಳೂರಿನ ಸಂಘ 1957ರದ್ದು. 2009ರಲ್ಲಿ ಎಂ.ಜಿ. ರಸ್ತೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋದಾಗ ಊರಿಗೆ ಊರೇ ಮರುಗಿತು. ಕಾಫಿಯ ರುಚಿ ಬದಲಾಯ್ತು ಅಂತ ಮರುಗಿದ್ದಾ? ತಮ್ಮ ಮೇಜು ಹೋಯ್ತಲ್ಲ ಅಂತ. ಆದರೆ 1996ರಲ್ಲಿ ಇಪ್ಪತ್ತು ವರ್ಷ ಆಗಿದ್ದವರಿಗೆ ಬೇಕಾಗಿದ್ದು ಅಪ್ಪ ಇಲ್ಲದ ಮೇಜು. ಕೂರೋದಕ್ಕೆ ಜಾಗ ಬೇಕು ಅನ್ನೋದು ಯಾರಿಗಾದರೂ ಹೊಳೀತಿತ್ತು, ಅಪ್ಪ ಕಣ್ಣಿಗೆ ಬೀಳದ ಜಾಗ ಬೇಕು ಅಂತ ಹೊಳೀಬೇಕಾದರೆ ಆ ಹುಡುಗರನ್ನ ಸ್ವಲ್ಪ ನೋಡಿರಬೇಕು.

— ಇದಕ್ಕೆ ತದ್ವಿರುದ್ಧದ್ದೂ ಅದೇ ಊರಲ್ಲೇ ಆಗಿದೆ ಚಿಕ್ಕಪ್ಪ. ಜಯನಗರದಲ್ಲಿ ಆರ್. ಪ್ರಭಾಕರ್ 1983ರಲ್ಲಿ ಕೆಫೆ ದರ್ಶಿನಿ ತೆಗೆದಾಗ ಮಾಡಿದ ಮೊದಲ ಕೆಲಸ ಕುರ್ಚಿ ತೆಗೆದುಹಾಕಿದ್ದು. ಅಡಿಗೆಮನೆಯನ್ನ ಕಣ್ಣೆದುರಿಗೆ ತಂದರು. ಟೋಕನ್ ತಗೋ, ನಿಂತು ತಿನ್ನು, ಹೊರಡು. ಬಸ್ಸು ಹಿಡಿಯೋ ಗುಮಾಸ್ತನಿಗೆ ಹತ್ತು ನಿಮಿಷದಲ್ಲಿ ಚೊಕ್ಕವಾದ ಇಡ್ಲಿ, ಬಿಸಿ ಕಾಫಿ. ಸಪ್ಲೈಯರ್‌ಗೆ ಟಿಪ್ಸ್ ಕೊಡಬೇಕಲ್ಲ ಅನ್ನೋ ಮುಜುಗರ ಇಲ್ಲ.

— ಒಬ್ಬ ಕುರ್ಚಿ ಕಿತ್ತು ಗೆದ್ದ, ಇನ್ನೊಬ್ಬ ಕುರ್ಚಿ ಹಾಕಿ ಗೆದ್ದ. ಎರಡೂ ಕಡೆ ಬೀಜ ಹೋದದ್ದು ಈ ಬೆಟ್ಟಗಳಿಂದಲೇ. ನಮಗೆ ಎರಡೂ ಗೊತ್ತಾಗಲಿಲ್ಲ. ನಾವು ರೇಟು ನೋಡ್ತಾ ಕೂತಿದ್ವಿ.

— ಆದರೆ ಕೊನೆಗೆ ಕಾಫಿ ಡೇ…

— ಅದನ್ನ ಇದಕ್ಕೆ ಗಂಟು ಹಾಕಬೇಡ. 2019ರಲ್ಲಿ ಸಾವಿರದ ಏಳುನೂರಕ್ಕೂ ಹೆಚ್ಚು ಕೆಫೆ ಇದ್ದವು, ಕೂತವರಿಂದ ತುಂಬಿಕೊಂಡೇ ಇದ್ದವು. ಕತ್ತು ಹಿಸುಕಿದ್ದು ಸಾಲ. ಆ ಜುಲೈ ಕೊನೆಯ ಎರಡು ದಿನ, ನೇತ್ರಾವತಿಯಲ್ಲಿ ಸಿದ್ಧಾರ್ಥರನ್ನ ಹುಡುಕ್ತಿದ್ದಾಗ, ಜಿಲ್ಲೆಯಲ್ಲಿ ಬೇರೆ ಮಾತೇ ಇರಲಿಲ್ಲ. ಗಿರಾಕಿ ಏನು ಬಯಸ್ತಾನೆ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬ್ಯಾಂಕು ಏನು ಬಯಸುತ್ತೆ ಅನ್ನೋದು ಬೇರೆಯೇ ಲೆಕ್ಕ. ಸರಿ, ನಿನ್ನ ಪ್ಯಾಕೆಟ್ಟಿಗೆ ಬಾ. ಒಳಗೇನಿರುತ್ತೆ?

— ಮೇಲಿನ ಬ್ಲಾಕಿನ ಎಸ್. 795. ನೂರಕ್ಕೆ ನೂರು ಅರೇಬಿಕಾ. ಚಿಕೋರಿ ಒಂದು ಚೂರೂ ಇಲ್ಲ.

— ಮಲ್ಲೇಶ್ವರದ ಪುಡಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತು ಬಾ. ಎಂಬತ್ತು–ಇಪ್ಪತ್ತು ಕೊಡಿ, ಎಪ್ಪತ್ತು–ಮೂವತ್ತು ಕೊಡಿ, ಇದೇ ಮಾತು. ಪ್ಯೂರ್ ಅನ್ನೋನು ಒಬ್ಬ ಬಂದರೆ ಅಂಗಡಿಯವನು ತಲೆಯೆತ್ತಿ ನೋಡ್ತಾನೆ.

— ಅದು ಅಭ್ಯಾಸ ಚಿಕ್ಕಪ್ಪ, ಅಗತ್ಯ ಅಲ್ಲ. ಕಾಫಿ ದುಬಾರಿ ಆದಾಗ ಬೆರೆಸೋದು ಶುರುವಾಯ್ತು, ಹಾಗೇ ಉಳೀತು. ಕಾನೂನಿನಲ್ಲಿ ಕಾಫಿ ಶೇ. 51 ಇದ್ದರೆ ಸಾಕು, ಉಳಿದದ್ದು ಚಿಕೋರಿ ಬೇರು. ಇದನ್ನ ಕಾಫಿ ಅಂತ ಕರೆಯೋದೇ ತಮಾಷೆ.

— ತಮಾಷೆ ಅಂತ ನಗೋ ಮೊದಲು ಅವನು ಕುಡಿಯೋದು ಹೇಗೆ ನೋಡು. ಅರ್ಧ ಲೋಟಕ್ಕಿಂತ ಹೆಚ್ಚು ಹಾಲು, ಎರಡು ಚಮಚ ಸಕ್ಕರೆ. ಅಷ್ಟು ಹಾಲಿನಲ್ಲಿ ಮುಳುಗಿದರೂ ಬಣ್ಣ ಉಳೀಬೇಕು, ನಾಲಗೆಗೆ ದಪ್ಪ ಹತ್ತಬೇಕು. ಚಿಕೋರಿ ಹಾಕಿದರೆ ಡಿಕಾಕ್ಷನ್ ನಿಧಾನ ಇಳಿಯುತ್ತೆ, ಗಟ್ಟಿಯಾಗಿ ಇಳಿಯುತ್ತೆ. ನಿನ್ನ ಎಸ್. 795ರ ಆ ನಯವಾದ ಹುಳಿ, ಅದರಲ್ಲಿ ಅದೇನೋ ಹುಣಸೆ, ಏಲಕ್ಕಿ ಅಂತೆಲ್ಲ ಹೇಳ್ತೀರಲ್ಲ, ಅದು ಹಾಲಿಗೆ ಬಿದ್ದರೆ ಕಾಣೆ. ಅವನ ಲೋಟಕ್ಕೆ ಬೇಕಾದ್ದು ನಿನ್ನ ಪ್ಯಾಕೆಟ್ಟಿನಲ್ಲಿಲ್ಲ. ಅವನನ್ನ ತಿದ್ದೋದಕ್ಕೆ ಹೋದ್ರೆ ನೀನು ವ್ಯಾಪಾರ ಮಾಡ್ತಿಲ್ಲ, ಪಾಠ ಮಾಡ್ತಿದ್ದೀಯ.

— ಪಾಠ ಮಾಡಿ ಗೆದ್ದವರೂ ಇದ್ದಾರೆ. ಹಾಲಿಲ್ಲದೆ ಕುಡಿಯೋದನ್ನ ನನ್ನ ಆಫೀಸಿನವರೆಲ್ಲ ಹತ್ತು ವರ್ಷದಲ್ಲಿ ಕಲಿತಿದ್ದಾರೆ. ಬಾಬಾಬುಡನಗಿರಿಯ ತೋಟಗಳ ಹೆಸರನ್ನ ದೆಹಲಿಯವರು ಬಾಯಿಪಾಠ ಹೇಳ್ತಾರೆ ಈಗ. ಚಿಕ್ಕಮಗಳೂರು ಅರೇಬಿಕಾಕ್ಕೆ, ಬಾಬಾಬುಡನಗಿರಿ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯೂ ಸಿಕ್ಕಿತು.

— ಸೂಚಿಕೆ ಸರ್ಕಾರ ಕೊಡೋದು, ಗಿರಾಕಿ ಕೊಡೋದಲ್ಲ. ಇರಲಿ, ಒಂದು ಹಳೇ ಸಂಗತಿ ಹೇಳ್ತೀನಿ. ಈ ಬೆಟ್ಟದ ಕಾಫಿ ಘಟ್ಟ ಇಳಿದು ಮಂಗಳೂರಿಗೆ ಹೋಗ್ತಿತ್ತು, ಅಲ್ಲಿಂದ ಹಾಯಿಹಡಗು. ಆಫ್ರಿಕದ ತುದಿ ಸುತ್ತಿಕೊಂಡು ಯುರೋಪ್ ಮುಟ್ಟೋದಕ್ಕೆ ತಿಂಗಳುಗಟ್ಟಲೆ ಹಿಡೀತಿತ್ತು. ಮರದ ಹಡಗಿನ ಹೊಟ್ಟೆಯಲ್ಲಿ ಕಡಲಿನ ತೇವ ಕುಡಿದು ಬೀಜ ಊದಿಕೊಳ್ತಿತ್ತು, ಹಸಿರು ಹೋಗಿ ಒಣಹುಲ್ಲಿನ ಬಣ್ಣ ಬರ್ತಿತ್ತು, ಹುಳಿ ಸತ್ತುಹೋಗ್ತಿತ್ತು. ನಮ್ಮ ಲೆಕ್ಕದಲ್ಲಿ ಅದು ಕೆಟ್ಟ ಮಾಲು. 1869ರಲ್ಲಿ ಸೂಯೆಜ್ ಕಾಲುವೆ ತೆರೀತು, ಉಗಿಹಡಗು ಬಂತು, ಬೀಜ ಹಸಿಹಸಿರಾಗಿ ಬೇಗ ಹೋಗಿ ತಲುಪಿತು. ಒಳ್ಳೆ ಮಾಲು ಬಂತು ಅಂತ ಖುಷಿಪಡಬೇಕಾದ ಉತ್ತರ ಯುರೋಪಿನ ಗಿರಾಕಿಗಳು ಮುಖ ತಿರುಗಿಸಿದ್ರಂತೆ. ಅವರ ನಾಲಗೆ ಆ ಊದಿದ ಬೀಜಕ್ಕೆ ಒಗ್ಗಿಹೋಗಿತ್ತು.

— ಮಾನ್ಸೂನ್ಡ್ ಮಲಬಾರ್!

— ಹೂಂ. ಕರಾವಳಿಯ ಕ್ಯೂರಿಂಗ್ ವರ್ಕ್ಸ್‌ನವರು ನಿಮಗೆ ಒಳ್ಳೇದು ಯಾವುದು ಅಂತ ಗೊತ್ತಿಲ್ಲ ಅಂತ ಪತ್ರ ಬರೀಲಿಲ್ಲ. ಹಡಗಿನ ಹೊಟ್ಟೆಯನ್ನ ಗೋದಾಮಿಗೆ ತಂದರು. ಜೂನಿನಲ್ಲಿ ಮಳೆ ಹಿಡಿದ ಮೇಲೆ ಗಾಳಿ ಆಡೋ ಗೋದಾಮಿನ ನೆಲದಲ್ಲಿ ಚೆರ್ರಿ ಕಾಫಿಯ ಬೀಜವನ್ನ ನಾಲ್ಕಾರು ಅಂಗುಲ ದಪ್ಪಕ್ಕೆ ಹರಡೋದು, ಆಗಾಗ ಕೈಯಾಡಿಸೋದು, ಆಮೇಲೆ ಚೀಲಕ್ಕೆ ಸಡಿಲವಾಗಿ ತುಂಬಿ ಸಾಲುಸಾಲಿನ ಮಧ್ಯೆ ಸಂದು ಬಿಟ್ಟು ನಿಲ್ಲಿಸೋದು. ಆ ಸಂದಿನಲ್ಲಿ ಮುಂಗಾರಿನ ಗಾಳಿ ಓಡಾಡಬೇಕು. ಸೆಪ್ಟೆಂಬರಿನವರೆಗೆ ಇದೇ ಕೆಲಸ. ಇವತ್ತಿಗೂ ನಡೆಯುತ್ತೆ, ಇವತ್ತಿಗೂ ನಾರ್ವೆ ಸ್ವೀಡನ್ ಕಡೆಯವರು ಕೊಳ್ತಾರೆ. ಅಲ್ಲಿ ಗೋದಾಮಿನೊಳಗೆ ಹೋಗಿ ಒಂದು ಹಿಡಿ ಎತ್ತಿ ನೋಡಬೇಕು ನೀನು. ನಮ್ಮ ಬೀಜದ ಒಂದೂವರೆ ಪಾಲು ದಪ್ಪ, ಕೈಗೆ ಹಗುರ. ನಮ್ಮ ಕಣದಲ್ಲಿ ಅಂಥಾದ್ದು ಕಂಡರೆ ರೈಟರಿಗೆ ಬೈತೀನಿ, ಮಳೆಗೆ ಬಿಟ್ಟೆಯಾ ಅಂತ.

— ಇದು ನನ್ನ ಕಡೆಯ ವಾದಕ್ಕೇ ಬಂತಲ್ಲ. ದೂರದ ಗಿರಾಕಿಯ ನಾಲಗೆ ಹುಡುಕಿಕೊಂಡು ಹೋದ್ರೆ ಹೊಸದು ಹುಟ್ಟುತ್ತೆ. ಮಾಗುಂಡಿಯ ಸೇತುರಾಮನ್ ಎಸ್ಟೇಟಿನವರನ್ನ ನೋಡಿ. ರೋಬಸ್ಟಾ ಅಂದ್ರೆ ಮೂಗು ಮುರಿಯೋ ಜಗತ್ತಿನಲ್ಲಿ ಅದನ್ನ ಅರೇಬಿಕಾದ ಹಾಗೆ ಹಣ್ಣು ಆರಿಸಿ, ಪಲ್ಪ್ ಮಾಡಿ, ತೊಳೆದು ಕಾಪಿ ರಾಯಲ್ ದರ್ಜೆಗೆ ಏರಿಸಿ ಹೊರದೇಶಕ್ಕೆ ಕಳಿಸಿದ್ರು. ಇಟಲಿಯವರ ಎಸ್ಪ್ರೆಸೊ ಮೇಲೆ ನಿಲ್ಲೋ ಆ ಕೆಂಗಂದು ನೊರೆಗೆ, ದಪ್ಪಕ್ಕೆ ರೋಬಸ್ಟಾ ಬೇಕು. ನಮ್ಮ ದೇಶದ ಕಾಫಿಯನ್ನ ಅತಿ ಹೆಚ್ಚು ಕೊಳ್ಳೋರು ಇಟಲಿಯವರೇ. ಕಹಿ, ಕಾಟು ಇಲ್ಲದ ರೋಬಸ್ಟಾ ಸಿಕ್ಕರೆ ಅವರು ಬೇಡ ಅಂತಾರಾ?

— ಅನ್ನಲ್ಲ. ಆದರೆ ಅಲ್ಲಿ ಹೋಗೋದು ಕಂಟೈನರ್ ಲೆಕ್ಕದಲ್ಲಿ. ಅಷ್ಟು ಮಾಲು, ಅಷ್ಟು ನೀರು, ಅಷ್ಟು ಕಣ ಇರೋರ ಕಥೆ ಅದು. ಈ ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕಿಂತ ಹೆಚ್ಚು ಜನ ಹತ್ತು ಹೆಕ್ಟೇರಿನೊಳಗಿನವರು. ಕಳಸ, ಸಂಸೆ, ಹಿರೇಬೈಲು ಕಡೆ ಎಷ್ಟೋ ಜನರಿಗೆ ಅಡಿಕೆಯ ಮಧ್ಯೆ ಎರಡೆಕರೆ ರೋಬಸ್ಟಾ, ಅಷ್ಟೇ. ಗಿರಾಕಿಯ ಅಗತ್ಯ ತಿಳ್ಕೊಳ್ಳಿ ಅಂತ ಅವರಿಗೆ ಹೇಳಿದರೆ ಏನು ಅರ್ಥ? ಅವರ ಗಿರಾಕಿ ವ್ಯಾಪಾರಿ. ಅವನ ಅಗತ್ಯ ಒಣಗಿದ ಮಾಲು, ಒಳ್ಳೆ ಓಟಿ, ಲಾರಿ ಬರೋ ರಸ್ತೆ. ಅದನ್ನ ತಿಳ್ಕೊಂಡು ಚೆನ್ನಾಗಿ ಒಣಗಿಸಿಕೊಟ್ಟವನೂ ಗಿರಾಕಿಯನ್ನ ಅರ್ಥ ಮಾಡಿಕೊಂಡವನೇ. ಇಷ್ಟಕ್ಕೂ ರೇಟು ಏರಿದಾಗ ಬ್ರ್ಯಾಂಡಿನ ಮಾತು ಯಾರೂ ಆಡೋದಿಲ್ಲ. ಕೆಲವೇ ವರ್ಷದ ಹಿಂದೆ ಐವತ್ತು ಕೆಜಿ ರೋಬಸ್ಟಾ ಚೆರ್ರಿಗೆ ಮೂರೂವರೆ ಸಾವಿರದ ಆಸುಪಾಸು, ಆಗ ಎಲ್ಲರ ತಲೆಯಲ್ಲೂ ಹೋಂಸ್ಟೇ, ಹುರಿಯೋ ಮೆಷಿನ್ನು. 2025ರ ಶುರುವಿನಲ್ಲಿ ಹತ್ತು ಸಾವಿರದ ಮೇಲಿತ್ತು ನೋಡು, ಮೆಷಿನ್ನಿನ ಮೇಲೆ ಗೋಣಿ ಮುಚ್ಚಿದ್ರು.

— ಇಳಿದಾಗ ಗೋಣಿ ತೆಗೀತಾರೆ. ಆಗ ಗಿರಾಕಿ ಎಲ್ಲಿ ಹೋಗಿರ್ತಾನೆ? ಅದಕ್ಕೇ ರೇಟು ಚೆನ್ನಾಗಿರುವಾಗಲೇ ಶುರು ಮಾಡಬೇಕು ಅನ್ನೋದು ನಾನು. ಇನ್ನೊಂದು. ನಿಮ್ಮ ವ್ಯಾಪಾರಿಯ ಹಿಂದೆ ನಿಂತಿರೋ ಗಿರಾಕಿ ನಿಮ್ಮನ್ನ ಸುಮ್ಮನೆ ಬಿಡ್ತಾನೆ ಅಂದ್ಕೋಬೇಡಿ. ಯುರೋಪಿನವರ ಹೊಸ ಕಾನೂನು ಬಂತಲ್ಲ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನ ಒಳಗೆ ಬಿಡೋದಿಲ್ಲ ಅಂತ. ಜಾರಿ ತಾರೀಕು ಮುಂದಕ್ಕೆ ಹೋಗ್ತಾ ಇದೆ, ಆದರೆ ಕಾನೂನು ಹೋಗಿಲ್ಲ. ತೋಟ ಎಲ್ಲಿದೆ ಅಂತ ಅಕ್ಷಾಂಶ ರೇಖಾಂಶ ಸಮೇತ ತೋರಿಸ್ಬೇಕು.

— ಅತ್ತಿ, ಹಲಸು, ನಂದಿ ಮರದ ನೆರಳಲ್ಲಿ ನೂರು ವರ್ಷದಿಂದ ಕಾಫಿ ಬೆಳೆದವರಿಗೆ ಕಾಡು ಕಡಿದಿಲ್ಲ ಅಂತ ಸರ್ಟಿಫಿಕೇಟು!

— ಸಿಟ್ಟು ಬೇಡ. ಗಿರಾಕಿ ಈಗ ರುಚಿಯ ಜೊತೆ ನೆಮ್ಮದಿಯನ್ನೂ ಕೊಳ್ತಿದ್ದಾನೆ. ಇದರಲ್ಲಿ ಬ್ರೆಜಿಲಿನ ಬಿಸಿಲು ತೋಟದವನಿಗಿಂತ ನಾವು ಮುಂದಿದ್ದೀವಿ. ನೆರಳು ನಮಗೆ ಹೊಸದಾಗಿ ಕಲಿಯೋ ವಿದ್ಯೆ ಅಲ್ಲ. ಬಾಯಿಬಿಟ್ಟು ಹೇಳಿಲ್ಲ, ಅಷ್ಟೆ.

— ಹೇಳೋಣ. ಆದರೆ ನೀನು ಹೇಳೋದು ಎಷ್ಟು ಜನಕ್ಕೆ? ನಿನ್ನ ಹತ್ತಿರ ಪೆನ್ನಿದೆಯಲ್ಲ, ಬರ್ಕೋ. ಮೇಲಿನ ಬ್ಲಾಕಿನಲ್ಲಿ ಈ ಸಲ ಹತ್ತು ಮೂಟೆ ಪಾರ್ಚ್‌ಮೆಂಟ್ ಆಗಬಹುದು. ಐವತ್ತು ಕೆಜಿ ಮೂಟೆ. ಸಿಪ್ಪೆ ತೆಗೆದರೆ ನಲವತ್ತು ಕೆಜಿ ಬೀಜ. ಹುರಿದಾಗ ಆರೇಳು ಕೆಜಿ ಹೊಗೆ ನೀರಾಗಿ ಹೋಗುತ್ತೆ. ಉಳಿಯೋದು?

— ಮೂವತ್ತಮೂರು, ಮೂವತ್ತನಾಲ್ಕು. ಹತ್ತು ಮೂಟೆಗೆ ಮುನ್ನೂರ ಮೂವತ್ತೈದು ಅನ್ನಿ. ಕಾಲು ಕೆಜಿಯ ಪ್ಯಾಕೆಟ್ ಆದರೆ ಸಾವಿರದ ಮುನ್ನೂರ ನಲವತ್ತು.

— ಒಂದು ಮನೆಗೆ ತಿಂಗಳಿಗೆ ಅರ್ಧ ಕೆಜಿ ಬೇಕು ಅಂತ ಇಟ್ಕೋ.

— ವರ್ಷಕ್ಕೆ ಆರು ಕೆಜಿ. ಮುನ್ನೂರ ಮೂವತ್ತೈದನ್ನ ಆರರಿಂದ… ಐವತ್ತಾರು.

— ಐವತ್ತಾರು ಮನೆ. ನಿನ್ನ ಇಡೀ ಬೆಂಗಳೂರು ಅಷ್ಟೇ ಕಣೇ. ಒಂದೇ ಅಪಾರ್ಟ್‌ಮೆಂಟಿನ ಒಂದು ಬದಿ. ಐವತ್ತಾರು ಮನೆಗೆ ಜಾಹೀರಾತು ಬೇಕಾ? ಆ ಮನೆಯವರ ಹೆಸರು ಗೊತ್ತಿರಬೇಕು, ಅವರು ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತಾರೆ ಗೊತ್ತಿರಬೇಕು. ನಿನಗೆ ಅಂಥಾ ಎಷ್ಟು ಮನೆ ಗೊತ್ತು?

— ಆಫೀಸಿನ ಗೆಳೆಯರು ಒಂದೈದಾರು.

— ಗೆಳೆಯರು ಒಂದು ಸಲ ಕೊಳ್ತಾರೆ, ಸಂಕೋಚಕ್ಕೆ. ಲೆಕ್ಕಕ್ಕೆ ಹಿಡೀಬೇಡ.

— ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ಅಂಗಳದಲ್ಲಿ ಕೂತು ಇಷ್ಟು ಜೋರಾಗಿ ಮಾತಾಡಿದ್ರೆ ಒಳಗೆ ಕೇಳದೇ ಇರುತ್ತಾ?

— ಬನ್ನಿ ಚಿಕ್ಕಮ್ಮ, ಕೂತ್ಕೊಳ್ಳಿ.

— ಈ ಎರಡು ರೂಮನ್ನ ಹೋಂಸ್ಟೇ ಮಾಡಿದ್ದು ಕಾಫಿ ರೇಟು ಬಿದ್ದು ಬ್ಯಾಂಕಿನ ಕಂತು ಕಟ್ಟೋಕಾಗದೆ, 2002ರ ಹೊತ್ತಿಗೆ. ಆಗ ಈ ಸುತ್ತಲೂ ಎಷ್ಟೋ ತೋಟದ ಮನೆಗಳಲ್ಲಿ ಅದೇ ಮಾಡಿದ್ರು. ಗಿರಾಕಿ ಅಂತ ಇವರು ಈಗ ಭಾ‌ಷಣ ಮಾಡ್ತಾರಲ್ಲ, ಮೊದಲ ಸಲ ಕಾರು ಬಂದಾಗ ಹಿಂದಿನ ಬಾಗಿಲಿಂದ ತೋಟಕ್ಕೆ ಹೋದವರು ಕತ್ತಲಾದ ಮೇಲೆ ಬಂದದ್ದು.

— ಅದೆಲ್ಲ ಯಾಕೀಗ.

— ಇರಲಿ. ಬಂದವರಿಗೆ ಮೊದಮೊದಲು ನಾನೂ ಹೋಟೆಲಿನ ಹಾಗೆ ಮಾಡೋಕೆ ಹೋದೆ. ಪನೀರು, ಗೋಬಿ. ತಟ್ಟೆಯಲ್ಲಿ ಹಾಗೇ ಬಿಡೋರು. ಒಂದು ದಿನ ಒಬ್ಬಳು ಹುಡುಗಿ ಅಡಿಗೆಮನೆಗೇ ಬಂದು, ನಾವು ಮನೆಯವರಿಗೆ ಅಂತ ತಟ್ಟಿದ್ದ ಅಕ್ಕಿರೊಟ್ಟಿ, ಕಳಲೆ ಪಲ್ಯ ತೋರಿಸಿ ಅದು ಕೊಡ್ತೀರಾ ಅಂದ್ಲು. ಅಲ್ಲಿಂದ ಪನೀರು ನಿಲ್ಲಿಸಿದೆ. ಕಾಫಿದೂ ಹಾಗೇ. ಹೋಗೋವಾಗ ಎಲ್ಲರೂ ಪುಡಿ ಕೇಳ್ತಾರೆ, ಅರ್ಧ ಕೆಜಿ ಕಟ್ಟಿಕೊಡ್ತಿದ್ದೆ. ಮುಂದಿನ ವರ್ಷ ಅದೇ ಜನ ಬಂದಾಗ ಕೇಳಿದ್ರೆ, ತುಂಬಾ ಚೆನ್ನಾಗಿತ್ತು ಆಂಟಿ ಅಂತಾರೆ. ಮತ್ತೆ ಬೇಕಾ ಅಂದ್ರೆ ಇನ್ನೂ ಸ್ವಲ್ಪ ಇದೆ ಅಂತಾರೆ. ಒಂದು ವರ್ಷದ ಪುಡಿ ಇನ್ನೂ ಇದೆ ಅಂದ್ರೆ ಏನರ್ಥ?

— ಕುಡೀಲೇ ಇಲ್ಲ ಅಂತ.

— ಕುಡಿಯೋದಕ್ಕೆ ಆಗಲಿಲ್ಲ ಅಂತ. ಆಮೇಲೆ ಗೊತ್ತಾಯ್ತು, ಅರ್ಧಕ್ಕರ್ಧ ಮನೆಗಳಲ್ಲಿ ಫಿಲ್ಟರೇ ಇಲ್ಲ! ನಾನು ಫಿಲ್ಟರಿಗೆ ಅಂತ ನುಣ್ಣಗೆ ಪುಡಿ ಮಾಡಿಕೊಟ್ಟಿದ್ದನ್ನ ಅವರು ಟೀ ಸೋಸೋ ಜಾಲರಿಯಲ್ಲಿ ಸೋಸಿ, ಗಷ್ಟು ಬಾಯಿಗೆ ಬಂದು, ಡಬ್ಬ ಮುಚ್ಚಿಟ್ಟಿದ್ರು. ಈಗ ಕಟ್ಟಿಕೊಡೋ ಮೊದಲು ಚೆನ್ನಾಗಿದೆಯಾ ಅಂತ ಕೇಳೋದೇ ಇಲ್ಲ. ಚೆನ್ನಾಗಿದೆ ಅಂತಾನೇ ಅಂತಾರೆ ಪಾಪ, ನಮ್ಮನೆ ಅಂಗಳದಲ್ಲಿ ನಿಂತುಕೊಂಡು. ನಿಮ್ಮ ಮನೇಲಿ ಕಾಫಿ ಮಾಡೋಕೆ ಏನಿದೆ ಅಂತ ಕೇಳ್ತೀನಿ. ಫಿಲ್ಟರ್ ಇದ್ದರೆ ನುಣ್ಣಗೆ. ಗಾಜಿನ ಪ್ರೆಸ್ ಇದ್ದರೆ ತರಿತರಿ. ಮೆಷಿನ್ ಇದ್ದರೆ ಹುರಿದ ಬೀಜವನ್ನೇ ಕೊಡೋದು. ಬರೀ ಪಾತ್ರೆ ಇದ್ದರೆ ಒಂದು ತುಂಡು ಮಲ್ ಬಟ್ಟೆ ಜೊತೆಗೆ ಹಾಕಿ, ಕುದಿಯೋ ನೀರಿಗೆ ಬೆಲ್ಲ ಹಾಕಿ, ಪುಡಿ ಹಾಕಿ, ಒಲೆ ಆರಿಸಿ, ಎರಡು ನಿಮಿಷ ಬಿಟ್ಟು ಸೋಸಿ ಅಂತ ಹೇಳಿಕೊಡ್ತೀನಿ. ಕೂಲಿ ಲೈನಿನ ಮನೆಯವರು ಮಾಡೋ ಬೆಲ್ಲದ ಕಾಫಿನೇ. ಅದನ್ನ ಕುಡಿದವರಿಗೆ ಹಾಲು ನೆನಪೇ ಆಗಲ್ಲ. ಅರ್ಧ ಕೆಜಿನೂ ಕೊಡೋದಿಲ್ಲ, ನೂರು ಗ್ರಾಂ. ಮುಗಿದ ಮೇಲೆ ಫೋನ್ ಮಾಡ್ತಾರೆ.

— ಎಷ್ಟು ಜನ ಮಾಡ್ತಾರೆ ಚಿಕ್ಕಮ್ಮ?

— ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ. ಎರಡನೇ ಸಲ ತರಿಸಿಕೊಂಡ ಮನೆ ಹತ್ತೊಂಬತ್ತು. ಯಾರ ಮನೇಲಿ ಯಾವ ಪಾತ್ರೆ ಅಂತನೂ ಇದೆ. ಅವರಲ್ಲಿ ನಾಲ್ಕು ಮನೆಯವರಿಗೆ ಡಾಕ್ಟರು ಕಾಫಿ ಕಮ್ಮಿ ಮಾಡಿ ಅಂದಿದ್ದಾರಂತೆ. ಅವರನ್ನ ಲೆಕ್ಕಕ್ಕೆ ಹಿಡೀಬೇಡ.

— ಹದಿನೈದು ಮನೆ. ವರ್ಷಕ್ಕೆ ತೊಂಬತ್ತು ಕೆಜಿ. ಹೆಚ್ಚುಕಮ್ಮಿ ಮೂರು ಮೂಟೆ.

— ಹಾಗಾದ್ರೆ ಮೂರು ಮೂಟೆ ನಿನಗೆ. ಉಳಿದ ಏಳು ಮೂಡಿಗೆರೆಯ ವ್ಯಾಪಾರಿಗೆ ಹೋಗುತ್ತೆ. ಮುಂದಿನ ವರ್ಷ ಚಿಕ್ಕಮ್ಮನ ಪುಸ್ತಕದಲ್ಲಿ ಮನೆ ಹೆಚ್ಚಾದರೆ ಮೂಟೆ ಹೆಚ್ಚು. ಮಂಗಟ್ಟೆ ಹಕ್ಕಿಯ ಪ್ಯಾಕೆಟ್ಟನ್ನ ಸಾವಿರಗಟ್ಟಲೆ ಅಚ್ಚು ಹಾಕಿಸಬೇಡ. ಆಹಾರ ಸುರಕ್ಷತೆಯ ನೋಂದಣಿ ಮಾಡಿಸು, ಅದಿಲ್ಲದೆ ಮಾರೋ ಹಾಗಿಲ್ಲ. ಮತ್ತೆ ಮೂಟೆ ಪುಕ್ಕಟೆ ಅಲ್ಲ, ಮೂಡಿಗೆರೆಯ ಅವತ್ತಿನ ರೇಟು.

— ರೇಟು ಕೊಟ್ಟ ಮೇಲೆ ನಾನು ನಿಮ್ಮ ಗಿರಾಕಿ. ನನಗೆ ಏನು ಬೇಕು ಅಂತ ನೀವು ಕೇಳಬೇಕು.

— ಅಬ್ಬಾ! ಕೇಳಿದೆ, ಹೇಳು.

— ಆ ಮೂರು ಮೂಟೆಗೆ ಹಣ್ಣು ಮಾತ್ರ ಕೊಯ್ಸಬೇಕು. ಒಂದು ಹಸಿರು ಕಾಯಿ ಬರಬಾರದು. ಕೊಯ್ದ ಸಂಜೆಯೇ ಪಲ್ಪರ್‌ಗೆ ಹೋಗಬೇಕು. ನೆಲದ ಮೇಲಲ್ಲ, ಜಾಲರಿ ಮಂಚದ ಮೇಲೆ ಒಣಗಿಸ್ಬೇಕು.

— ಮಂಚ ನೀನೇ ಮಾಡಿಸು, ಸಂಜೆ ಪಲ್ಪ್ ಮಾಡೋದು ನನ್ನ ಜವಾಬ್ದಾರಿ. ಹಣ್ಣು ಆರಿಸೋದು ಮಾತ್ರ ನಮ್ಮಿಬ್ಬರ ಕೈಲೂ ಇಲ್ಲ. ಕೊಯ್ಯೋರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಹಣ್ಣು ಮಾತ್ರ ಆರಿಸಿದರೆ ದಿನಕ್ಕೆ ಅರ್ಧ ಚೀಲ ಕಮ್ಮಿ ಆಗುತ್ತೆ, ಅವರಿಗೆ ನಷ್ಟ.

— ಕೆಜಿಗೆ ಎಷ್ಟು ಜಾಸ್ತಿ ಕೊಟ್ಟರೆ ಸರಿಹೋಗುತ್ತೆ?

— ನನ್ನನ್ನ ಕೇಳಿದರೆ ನಾನು ನನಗೆ ಅನುಕೂಲದ ಲೆಕ್ಕ ಹೇಳ್ತೀನಿ. ನಾಳೆ ಏಳೂವರೆಗೆ ಕೆಳಗಿನ ಬ್ಲಾಕಿನಲ್ಲಿ ಮರಗಸಿಗೆ, ನೆರಳು ಮರದ ಕೊಂಬೆ ಸವರೋದಕ್ಕೆ ಬರ್ತಾರೆ, ನೀನೇ ಹೋಗಿ ಕೇಳು. ಅಸ್ಸಾಮಿನಿಂದ ಬಂದವರಿದ್ದಾರೆ, ಕನ್ನಡ ಅಷ್ಟಾಗಿ ಬರಲ್ಲ.

— ಹಿಂದಿ ನನಗೂ ಅಷ್ಟಕ್ಕಷ್ಟೇ.

— ಅವರಲ್ಲೊಬ್ಬಳು ನನ್ನ ಜೊತೆ ಅಡಿಗೆಮನೆಗೂ ಬರ್ತಾಳೆ. ಅವಳನ್ನ ಕರ್ಕೊಂಡು ಹೋಗು, ಮಾತು ತಿಳಿಸ್ತಾಳೆ. ಬೆಳಿಗ್ಗೆ ಬೇಗ ಏಳು, ಬೆಂಗಳೂರಿನ ಹಾಗೆ ಒಂಬತ್ತು ಗಂಟೆ ಮಾಡಬೇಡ.